‘ಇಲ್ಲ’ ಅಂದರೆ ದಾರಿ ಎಲ್ಲಿಗೆ? ಹತ್ತಿ ಮಾರುವ ಕೆಲಸದಲ್ಲೊಂದು ನಕ್ಷೆ ಪಾಠ

ಆದೋನಿ: ಇಲ್ಲಿನ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ಮಾರುವುದು ಹೇಗೆ ಎಂದು ಒಬ್ಬ ರೈತನನ್ನು ಕೇಳಿ. ‘ತರ್ತೀವಿ, ಹಾಕ್ತೀವಿ, ರೇಟು ಕುದುರಿದ್ರೆ ತೂಗಿಸ್ತೀವಿ, ರೊಕ್ಕ ತಗಂತೀವಿ’ ಎಂದು ನಾಲ್ಕು ಮಾತಿನಲ್ಲಿ ಮುಗಿಸುತ್ತಾನೆ. ಅದೇ ಪ್ರಶ್ನೆಯನ್ನು ದಲಾಲಿ ಅಂಗಡಿಯ ಗುಮಾಸ್ತರಿಗೆ ಕೇಳಿದರೆ ಲಾಟ್ ನಂಬರು, ಟೆಂಡರು, ತಕ್‌ಪಟ್ಟಿ ಎಂದು ಬೇರೆಯೇ ಕಥೆ ಹೇಳುತ್ತಾರೆ. ಹಮಾಲರ ಲೆಕ್ಕದಲ್ಲಿ ಕೆಲಸ ಶುರುವಾಗುವುದು ಗಾಡಿಯಿಂದ ಮಾಲು ಇಳಿಸುವಾಗ, ಮುಗಿಯುವುದು ಕಾಟಾದ ಹತ್ತಿರ. ಮೂವರೂ ಹೇಳುವುದು ನಿಜವೇ. ಆದರೆ ಮೂವರ ಮಾತನ್ನು ಕೂಡಿಸಿದರೂ ಪೂರ್ತಿ ಕಥೆ ಸಿಗುವುದಿಲ್ಲ.

ಹೀಗೆ ಹತ್ತು ಕೈ ದಾಟಿ ಹೋಗುವ ಕೆಲಸವನ್ನು ಒಂದೇ ಹಾಳೆಯ ಮೇಲೆ, ನೋಡಿದವರಿಗೆಲ್ಲ ಒಂದೇ ಅರ್ಥ ಬರುವಂತೆ ಬರೆಯಲು ಒಂದು ಚಿತ್ರಭಾಷೆ ಇದೆ. ಅದರ ಹೆಸರು ಬಿಸಿನೆಸ್ ಪ್ರೋಸೆಸ್ ಮಾಡೆಲ್ ಅಂಡ್ ನೊಟೇಶನ್, ಚಿಕ್ಕದಾಗಿ ಬಿಪಿಎಂಎನ್. ಬ್ಯಾಂಕು, ವಿಮೆ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದು ದಿನನಿತ್ಯದ ಭಾಷೆ. ಆದೋನಿ, ಆಲೂರು, ಕೋಸಿಗಿ, ಎಮ್ಮಿಗನೂರು ಕಡೆಯ ಮಕ್ಕಳು ಡಿಗ್ರಿ ಮುಗಿಸಿ ಬೆಂಗಳೂರಿಗೋ ಹೈದರಾಬಾದಿಗೋ ಕೆಲಸಕ್ಕೆ ಹೋದರೆ ಒಂದಲ್ಲ ಒಂದು ದಿನ ಈ ನಕ್ಷೆ ಎದುರಾದೀತು. ಆದರೆ ಇದು ಕಂಪನಿಯವರಿಗೆ ಮಾತ್ರ ಸೇರಿದ ವಿದ್ಯೆಯಲ್ಲ. ನಮ್ಮ ಹತ್ತಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದರ ಮೂಲ ಅಂಶಗಳನ್ನು ತಿಳಿಯೋಣ.

ಎಲ್ಲಿಂದ ಬಂತು ಈ ಭಾಷೆ?

ಕೆಲಸವನ್ನು ಚಿತ್ರವಾಗಿ ಬರೆಯುವ ಆಲೋಚನೆ ಹಳೆಯದು. ಇಟ್ಟಿಗೆ ಕಟ್ಟುವ ಕೆಲಸದಿಂದ ಜೀವನ ಶುರುಮಾಡಿದ ಅಮೆರಿಕದ ಫ್ರಾಂಕ್ ಗಿಲ್ಬ್ರೆತ್ ಮತ್ತು ಅವರ ಪತ್ನಿ ಲಿಲಿಯನ್ 1921ರಲ್ಲಿ ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ‘ಪ್ರೋಸೆಸ್ ಚಾರ್ಟ್’ ಎಂಬ ಪದ್ಧತಿಯನ್ನು ಇಟ್ಟರು. ಆಮೇಲೆ ಕಂಪ್ಯೂಟರ್ ಬಂತು, ಫ್ಲೋಚಾರ್ಟ್ ಬಂತು. ಆದರೆ ಒಂದೊಂದು ಕಂಪನಿ ಒಂದೊಂದು ಚಿಹ್ನೆ ಬಳಸುತ್ತಿತ್ತು. ಒಬ್ಬರ ನಕ್ಷೆ ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ.

ಈ ಗೊಂದಲ ತಪ್ಪಿಸಲು 2004ರಲ್ಲಿ ಬಿಪಿಎಂಎನ್‌ನ ಮೊದಲ ಆವೃತ್ತಿ ಹೊರಬಂತು. 2006ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು ತನ್ನದಾಗಿಸಿಕೊಂಡಿತು. 2011ರಲ್ಲಿ 2.0 ಆವೃತ್ತಿ ಬಂತು. 2013ರಲ್ಲಿ ಐಎಸ್‌ಓ 19510 ಎಂಬ ಸಂಖ್ಯೆಯೊಂದಿಗೆ ಅದು ಜಾಗತಿಕ ಮಾನದಂಡವೂ ಆಯಿತು. ಚಿಹ್ನೆಗಳು ನೂರಕ್ಕೂ ಹೆಚ್ಚಿದ್ದರೂ ದಿನಬಳಕೆಗೆ ಹತ್ತು ಹನ್ನೆರಡು ಸಾಕು. ಅವನ್ನು ಒಂದೊಂದಾಗಿ ನೋಡೋಣ.

ವೃತ್ತ: ಏನೋ ಆಯಿತು

ಮೊದಲನೆಯದು ವೃತ್ತ. ಇದು ಯಾರೋ ಮಾಡುವ ಕೆಲಸವಲ್ಲ, ಆಗುವ ಘಟನೆ. ಗೆರೆ ತೆಳುವಾಗಿದ್ದರೆ ಆರಂಭ. ಗೆರೆ ದಪ್ಪವಾಗಿದ್ದರೆ ಮುಕ್ತಾಯ. ಜೋಡಿ ಗೆರೆಯ ವೃತ್ತವಾದರೆ ನಡುವೆ ಬರುವ ಘಟನೆ.

‘ಹತ್ತಿ ಗಾಡಿ ಗೇಟಿಗೆ ಬಂತು’ ಎಂಬುದು ಆರಂಭದ ವೃತ್ತ. ‘ರೈತನ ಖಾತೆಗೆ ಹಣ ಬಿತ್ತು’ ಎಂಬುದು ಮುಕ್ತಾಯದ ವೃತ್ತ. ವೃತ್ತದೊಳಗೆ ಲಕೋಟೆಯ ಚಿತ್ರವಿದ್ದರೆ ಸುದ್ದಿ ಬಂತು ಅಥವಾ ಹೋಯಿತು ಎಂದರ್ಥ. ಗಡಿಯಾರವಿದ್ದರೆ ಹೊತ್ತಿಗೆ ಸಂಬಂಧಿಸಿದ್ದು: ಬೆಳಿಗ್ಗೆ ಇಂತಿಷ್ಟು ಗಂಟೆ ಆಯಿತು, ಅಥವಾ ಇಂತಿಷ್ಟು ದಿನ ಕಳೆಯಿತು. ಈ ಗಡಿಯಾರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಡಬ್ಬಿ: ಯಾರೋ ಏನೋ ಮಾಡಿದರು

ಎರಡನೆಯದು ಮೂಲೆ ದುಂಡಗಿರುವ ಆಯತ, ಅಂದರೆ ಡಬ್ಬಿ. ಇದು ಕೆಲಸ. ಒಳಗೆ ಬರೆಯುವ ಮಾತು ಕ್ರಿಯಾಪದದಲ್ಲಿ ಮುಗಿಯಬೇಕು: ‘ಲಾಟ್ ನಂಬರ್ ಕೊಡು’, ‘ತೇವಾಂಶ ನೋಡು’, ‘ತೂಕ ಮಾಡು’. ಬರೀ ‘ತೂಕ’ ಎಂದು ಬರೆದರೆ ತೂಗಬೇಕೋ, ತೂಗಿ ಆಗಿದೆಯೋ, ತೂಕದ ಚೀಟಿಯೋ ತಿಳಿಯುವುದಿಲ್ಲ.

ಒಂದು ಡಬ್ಬಿಯೊಳಗೆ ಹತ್ತು ಸಣ್ಣ ಕೆಲಸಗಳು ಅಡಗಿದ್ದರೆ ಕೆಳಗಿನ ಗೆರೆಯ ನಡುವೆ ಕೂಡಿಸುವ ಚಿಹ್ನೆ ಹಾಕುತ್ತಾರೆ. ‘ಇದನ್ನು ಬಿಚ್ಚಿದರೆ ಒಳಗೆ ಇನ್ನೊಂದು ನಕ್ಷೆ ಇದೆ’ ಎಂದು ಅದರ ಅರ್ಥ. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯಿಂದ ಬೀಜ ಬೇರೆ ಮಾಡಿ ಅರಳೆಯನ್ನು ಬೇಲ್ ಕಟ್ಟುವ ತನಕದ ಕೆಲಸವನ್ನು ರೈತನ ನಕ್ಷೆಯಲ್ಲಿ ಹೀಗೆ ಒಂದೇ ಡಬ್ಬಿಯಲ್ಲಿ ಮುಚ್ಚಿಡಬಹುದು. ಮಿಲ್ಲಿನವರ ನಕ್ಷೆಯಲ್ಲಿ ಅದನ್ನು ಬಿಚ್ಚಲೇಬೇಕು.

ಶಂಕರಪಾಳಿ: ದಾರಿ ಕವಲೊಡೆಯುವ ಜಾಗ

ಮೂರನೆಯದು ಡೈಮಂಡ್ ಆಕಾರ. ಅಂಗಡಿಯ ಶಂಕರಪಾಳಿಯನ್ನು ನೆನೆಸಿಕೊಂಡರೆ ಸಾಕು. ಇದಕ್ಕೆ ಗೇಟ್‌ವೇ ಎನ್ನುತ್ತಾರೆ. ಒಳಗೆ ಅಡ್ಡಕತ್ತರಿ ಗುರುತಿದ್ದರೆ, ಹೊರಡುವ ದಾರಿಗಳಲ್ಲಿ ಒಂದನ್ನು ಮಾತ್ರ ಹಿಡಿಯಬೇಕು. ಕೂಡಿಸುವ ಗುರುತಿದ್ದರೆ ಎಲ್ಲ ದಾರಿಗಳಲ್ಲೂ ಒಟ್ಟಿಗೆ ಕೆಲಸ ಶುರುವಾಗಬೇಕು. ಸೊನ್ನೆಯಂಥ ಗುರುತಿದ್ದರೆ ಒಂದೋ ಎರಡೋ, ಸಂದರ್ಭಕ್ಕೆ ತಕ್ಕಷ್ಟು ದಾರಿಗಳು.

ಮದುವೆ ಮನೆಯಲ್ಲಿ ಚಪ್ಪರ ಹಾಕುವವರು ಹಾಕುತ್ತಾರೆ, ಅಡುಗೆ ಮಾಡುವವರು ಮಾಡುತ್ತಾರೆ. ಅದು ಕೂಡಿಸುವ ಗುರುತು. ಎರಡೂ ಮುಗಿದ ಮೇಲೆ ತಾನೆ ಊಟಕ್ಕೆ ಕೂಡುವುದು? ಆದ್ದರಿಂದ ದಾರಿಗಳು ಮತ್ತೆ ಸೇರುವಲ್ಲಿಯೂ ಅಂಥದೇ ಇನ್ನೊಂದು ಶಂಕರಪಾಳಿ ಇರುತ್ತದೆ. ಎಲ್ಲರೂ ಬರುವವರೆಗೆ ಅದು ಮುಂದೆ ಬಿಡುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಮಂದಿ ಎಡವುವುದು ಇಲ್ಲಿಯೇ. ಗೇಟ್‌ವೇ ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ಊರ ಹೊರಗೆ ನಿಲ್ಲಿಸಿದ ಕೈಮರದಂತೆ ದಾರಿ ತೋರಿಸುತ್ತದೆ, ಅಷ್ಟೇ. ತೀರ್ಮಾನ ಆಗುವುದು ಅದರ ಹಿಂದಿನ ಡಬ್ಬಿಯಲ್ಲಿ. ‘ತೇವಾಂಶ 12ಕ್ಕಿಂತ ಹೆಚ್ಚೇ?’ ಎಂಬ ಶಂಕರಪಾಳಿಯ ಹಿಂದೆ ‘ತೇವಾಂಶ ನೋಡು’ ಎಂಬ ಡಬ್ಬಿ ಇರಲೇಬೇಕು. ಆ ಡಬ್ಬಿ ಇಲ್ಲದಿದ್ದರೆ ಯಾರು ನೋಡಿದರು, ಯಾವುದರಿಂದ ನೋಡಿದರು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಬಾಣಗಳು: ದಾರಿಯೂ ಉಂಟು, ಸುದ್ದಿಯೂ ಉಂಟು

ಇವನ್ನೆಲ್ಲ ಜೋಡಿಸುವುದು ಬಾಣ. ಗಟ್ಟಿ ಗೆರೆಯ ಬಾಣ ಕೆಲಸದ ದಾರಿ: ಇದಾದ ಮೇಲೆ ಅದು. ತುಂಡು ಗೆರೆಯ ಬಾಣ ಸುದ್ದಿ: ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಚೀಟಿ, ಫೋನು, ಎಸ್ಸೆಮ್ಮೆಸ್ಸು. ಮೂರನೆಯದು ಬರೀ ಚುಕ್ಕಿ ಗೆರೆ. ಅದು ಟಿಪ್ಪಣಿ, ಕಾಗದಪತ್ರಗಳನ್ನು ಡಬ್ಬಿಗೆ ಅಂಟಿಸಲು.

ಮನೆ ಮತ್ತು ಅಂಕಣ

ಯಾರು ಮಾಡುತ್ತಾರೆ ಎಂಬುದನ್ನು ತೋರಿಸಲು ಪೂಲ್ ಮತ್ತು ಲೇನ್ ಇವೆ. ಪೂಲ್ ಅಂದರೆ ಈಜುಕೊಳ, ಲೇನ್ ಅಂದರೆ ಅದರಲ್ಲಿ ಒಬ್ಬೊಬ್ಬ ಈಜುಗಾರನಿಗೆ ಹಗ್ಗ ಕಟ್ಟಿ ಬಿಟ್ಟ ಸಾಲು. ನಮ್ಮ ಕಡೆಯ ಮಾತಿನಲ್ಲಿ ಪೂಲನ್ನು ಮನೆ ಎನ್ನೋಣ, ಲೇನನ್ನು ಅಂಕಣ ಎನ್ನೋಣ. ಮಾರ್ಕೆಟ್ ಯಾರ್ಡು ಒಂದು ಮನೆ. ಗೇಟಿನವರು, ಟೆಂಡರ್ ನೋಡುವವರು, ತೂಕದವರು ಅದರೊಳಗಿನ ಅಂಕಣಗಳು. ರೈತ ಆ ಮನೆಯವನಲ್ಲ, ಅವನದು ಬೇರೆ ಮನೆ. ಖರೀದಿದಾರನದು ಮತ್ತೊಂದು. ಬ್ಯಾಂಕು ಇನ್ನೊಂದು.

ಇದರ ನಿಯಮ ಸರಳ, ಆದರೆ ಕಟ್ಟುನಿಟ್ಟು. ಗಟ್ಟಿ ಗೆರೆಯ ಬಾಣ ಒಂದು ಮನೆಯೊಳಗೇ ಓಡಾಡಬೇಕು, ಹೊಸಿಲು ದಾಟಬಾರದು. ಮನೆಯಿಂದ ಮನೆಗೆ ಹೋಗುವುದು ಸುದ್ದಿಯ ಬಾಣ ಮಾತ್ರ. ಒಂದೇ ಮನೆಯೊಳಗೆ ಸುದ್ದಿಯ ಬಾಣ ಹಾಕುವಂತಿಲ್ಲ. ಯಾಕೆಂದರೆ ಯಾರ್ಡು ತನ್ನ ನೌಕರನಿಗೆ ‘ಇದಾದ ಮೇಲೆ ಅದು ಮಾಡು’ ಎಂದು ಹೇಳಬಹುದು. ರೈತನಿಗೆ ಹಾಗೆ ಹೇಳಲಾಗದು, ತಿಳಿಸಬಹುದು ಅಷ್ಟೇ. ತಿಳಿಸದಿದ್ದರೆ ಅವನ ಮನೆಯಲ್ಲಿ ಕೆಲಸ ನಿಂತೇ ಇರುತ್ತದೆ. ಯಾರ್ಡಿನಲ್ಲಿ ಕಾಯುತ್ತಾ ಕೂತ ರೈತನನ್ನು ನೋಡಿದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಇವನಿಗೆ ಬರಬೇಕಾದ ಸುದ್ದಿಯ ಬಾಣ ಎಲ್ಲಿ ತುಂಡಾಗಿದೆ?

ಉಳಿದವು ಎರಡು. ಮೂಲೆ ಮಡಚಿದ ಹಾಳೆಯ ಚಿತ್ರವಿದ್ದರೆ ಅದು ಕಾಗದ ಅಥವಾ ಮಾಹಿತಿ: ಪಾಸ್‌ಬುಕ್, ಆಧಾರ್, ತೂಕದ ಚೀಟಿ, ತಕ್‌ಪಟ್ಟಿ. ಒಂದು ಬದಿ ತೆರೆದ ಚೌಕಾಕಾರದ ಕಂಸವಿದ್ದರೆ ಅದು ಟಿಪ್ಪಣಿ. ಚಿಹ್ನೆಯಲ್ಲಿ ಹೇಳಲಾಗದ್ದನ್ನು ಅಲ್ಲಿ ಮಾತಿನಲ್ಲಿ ಬರೆಯಬಹುದು.

ಈಗ ಹತ್ತಿಯ ನಕ್ಷೆ ಬರೆಯೋಣ

ಆದೋನಿ ಯಾರ್ಡು ಆಂಧ್ರಪ್ರದೇಶದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಒಂದು. ಕೌತಾಳಂ, ಕೋಸಿಗಿ, ಆಲೂರು, ಪತ್ತಿಕೊಂಡ ಕಡೆಯಿಂದಲ್ಲದೆ ಗಡಿಯಾಚೆಯ ಬಳ್ಳಾರಿ, ರಾಯಚೂರು ಕಡೆಯಿಂದಲೂ ಇಲ್ಲಿಗೆ ಮಾಲು ಬರುತ್ತದೆ. ಕೇಂದ್ರ ಸರಕಾರ 2016ರ ಏಪ್ರಿಲ್ 14ರಂದು ಇ-ನಾಮ್ ಎಂಬ ಆನ್‌ಲೈನ್ ಮಾರಾಟದ ಜಾಲವನ್ನು ಶುರುಮಾಡಿತು. ಆದೋನಿಯೂ ಆ ಜಾಲಕ್ಕೆ ಸೇರಿದೆ.

ಇ-ನಾಮ್ ಪದ್ಧತಿಯನ್ನು ನಕ್ಷೆಯಾಗಿ ಬರೆದರೆ ಹೀಗೆ ಬರುತ್ತದೆ. ಯಾರ್ಡಿನ ಮನೆಯಲ್ಲಿ ತೆಳು ವೃತ್ತ: ‘ಗಾಡಿ ಬಂತು’. ಅಲ್ಲಿಂದ ಡಬ್ಬಿ: ‘ಗೇಟಿನಲ್ಲಿ ಹೆಸರು, ಮಾಲು ಬರೆದುಕೋ’. ಮುಂದಿನದು ‘ಲಾಟ್ ನಂಬರ್ ಕೊಡು’. ಆಮೇಲೆ ‘ಗುಣಮಟ್ಟ ನೋಡು’. ನಂತರ ‘ಟೆಂಡರ್ ತೆರೆ’. ಖರೀದಿದಾರರ ಮನೆಯಿಂದ ಸುದ್ದಿಯ ಬಾಣಗಳಾಗಿ ರೇಟುಗಳು ಬಂದು ಬೀಳುತ್ತವೆ. ಹೆಚ್ಚಿನ ರೇಟು ಯಾವುದೆಂದು ತೀರ್ಮಾನವಾದ ಮೇಲೆ ರೈತನ ಮನೆಗೊಂದು ಸುದ್ದಿ: ‘ನಿನ್ನ ಲಾಟಿಗೆ ಇಷ್ಟು’.

ಈಗ ರೈತನ ಮನೆಯಲ್ಲೊಂದು ಡಬ್ಬಿ, ‘ರೇಟು ಒಪ್ಪಬಹುದೇ ನೋಡು’. ಅದರ ಮುಂದೆ ಒಂದು ಶಂಕರಪಾಳಿ: ‘ಒಪ್ಪಿಗೆಯೇ?’ ಇ-ನಾಮ್ ಪದ್ಧತಿಯಲ್ಲಿ ರೇಟು ಸರಿಬರದಿದ್ದರೆ ಬೇಡವೆನ್ನುವ ಹಕ್ಕು ರೈತನಿಗಿದೆ. ‘ಹೌದು’ ಎಂಬ ದಾರಿ ಎಲ್ಲರಿಗೂ ಗೊತ್ತು: ತೂಕ, ಬಿಲ್ಲು, ಹಣ, ಗೇಟ್ ಪಾಸು. ‘ಇಲ್ಲ’ ಎಂಬ ದಾರಿ? ಅದು ಎಲ್ಲಿಗೆ ಹೋಗುತ್ತದೆ? ನಾಳೆ ಮತ್ತೆ ಟೆಂಡರಿಗೋ? ಹಾಗಾದರೆ ರಾತ್ರಿ ಮಾಲು ಎಲ್ಲಿ ಇರಬೇಕು, ಕಾಯುವವರು ಯಾರು? ಇಳಿಸಿದ ಹಮಾಲಿ ಯಾರು ಕೊಡಬೇಕು? ಗಾಡಿಯ ಎರಡನೇ ದಿನದ ಬಾಡಿಗೆ ಯಾರ ಮೇಲೆ?

ನಕ್ಷೆಯಲ್ಲಿ ‘ಇಲ್ಲ’ ಎಂಬ ಗೆರೆ ಶಂಕರಪಾಳಿಯಿಂದ ಹೊರಟು ಎಲ್ಲಿಗೂ ಮುಟ್ಟದೆ ಗಾಳಿಯಲ್ಲಿ ನಿಲ್ಲುವಂತಿಲ್ಲ. ಅದು ಇನ್ನೊಂದು ಡಬ್ಬಿಗೋ ದಪ್ಪ ವೃತ್ತಕ್ಕೋ ಹೋಗಿ ಸೇರಲೇಬೇಕು. ಬಾಯಿಮಾತಿನಲ್ಲಿ ‘ನಿನಗೆ ಹಕ್ಕಿದೆ’ ಎಂದು ಹೇಳಿ ಮುಗಿಸಬಹುದು. ಹಾಳೆಯ ಮೇಲೆ ಗೆರೆ ಎಳೆಯಲು ಹೊರಟಾಗ ಮಾತ್ರ ಆ ಹಕ್ಕಿಗೆ ದಾರಿಯಿದೆಯೋ ಇಲ್ಲವೋ ತಿಳಿಯುತ್ತದೆ. ಈ ನಕ್ಷೆಯ ನಿಜವಾದ ಉಪಯೋಗ ಇದೇ ಎಂದು ನನ್ನ ಎಣಿಕೆ.

ತೇವಾಂಶದ ಮೂರು ದಾರಿಗಳು

ಇನ್ನೊಂದು ಶಂಕರಪಾಳಿಯನ್ನು ನೋಡೋಣ. ಬೆಂಬಲ ಬೆಲೆಗೆ ಹತ್ತಿ ಕೊಳ್ಳುವುದು ಭಾರತೀಯ ಹತ್ತಿ ನಿಗಮ, ಎಲ್ಲರ ಬಾಯಲ್ಲೂ ಸಿಸಿಐ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲಿಗೆ 7,710 ರೂಪಾಯಿ, ಉದ್ದ ಎಳೆಯ ಹತ್ತಿಗೆ 8,110 ರೂಪಾಯಿ ಗೊತ್ತುಮಾಡಿತು. ಪೂರ್ತಿ ಬೆಲೆ ಸಿಗಬೇಕಾದರೆ ತೇವಾಂಶ ಶೇಕಡಾ 8 ಮೀರಬಾರದು. 8ರಿಂದ 12ರವರೆಗೆ ಪ್ರತಿ ಒಂದು ಶೇಕಡಾ ಹೆಚ್ಚಿಗೆ ಬೆಲೆಯಲ್ಲಿ ಶೇಕಡಾ 1 ಕಡಿತ. 12 ದಾಟಿದರೆ ಕೊಳ್ಳುವುದಿಲ್ಲ.

ಇದು ಮೂರು ಬಾಗಿಲಿನ ಶಂಕರಪಾಳಿ. 10 ಕ್ವಿಂಟಲ್ ಉದ್ದ ಎಳೆಯ ಹತ್ತಿಯ ಲೆಕ್ಕ ಹಾಕಿ. ತೇವಾಂಶ 8 ಇದ್ದರೆ 81,100 ರೂಪಾಯಿ. 10 ಇದ್ದರೆ ಕ್ವಿಂಟಲಿಗೆ 7,947 ರೂಪಾಯಿ 80 ಪೈಸೆಯಂತೆ 79,478. ಸರಿಯಾಗಿ 12 ಇದ್ದರೆ ಕ್ವಿಂಟಲಿಗೆ 7,785 ರೂಪಾಯಿ 60 ಪೈಸೆಯಂತೆ 77,856. ಅಂದರೆ ಮೊದಲ ದಾರಿಗೂ ಎರಡನೇ ದಾರಿಯ ತುದಿಗೂ 3,244 ರೂಪಾಯಿ ವ್ಯತ್ಯಾಸ. ಆದರೆ 12ರಿಂದ ಒಂದು ಗೆರೆ ಮೇಲೆ ಹೋದರೆ ವ್ಯತ್ಯಾಸ ಸಾವಿರದ ಲೆಕ್ಕದಲ್ಲಿ ಇರುವುದಿಲ್ಲ. ಬೆಂಬಲ ಬೆಲೆಯೇ ಕೈತಪ್ಪುತ್ತದೆ.

ಆ ಮೂರನೇ ದಾರಿಯನ್ನು ಬರೆಯುವಾಗ ಕೇಳಬೇಕಾದದ್ದು ಬಹಳ ಇದೆ. ಒಣಗಿಸಿ ಮತ್ತೆ ತರಬಹುದು ಎಂದಾದರೆ ಬಾಣ ತಿರುಗಿ ‘ತೇವಾಂಶ ನೋಡು’ ಡಬ್ಬಿಗೆ ಬರಬೇಕು. ಆದರೆ 2025ರಿಂದ ಸಿಸಿಐಗೆ ಮಾರಲು ಕಪಾಸ್ ಕಿಸಾನ್ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಿ, ದಿನ ಗೊತ್ತುಮಾಡಿಕೊಂಡು ಬರುವ ಪದ್ಧತಿ ಬಂತು. ಹಾಗಿದ್ದಲ್ಲಿ ವಾಪಸಾದವನ ಬಾಣ ತೇವಾಂಶದ ಡಬ್ಬಿಗೆ ನೇರ ಬರುತ್ತದೋ, ಇಲ್ಲವೇ ಇನ್ನೂ ಹಿಂದೆ ‘ದಿನ ಗೊತ್ತುಮಾಡು’ ಎಂಬ ಡಬ್ಬಿಗೆ ಹೋಗುತ್ತದೋ? ಹಾಳೆಯ ಮೇಲೆ ಎರಡು ಬೆರಳಿನ ಅಂತರ. ಗಾಡಿ ಬಾಡಿಗೆ ಕೊಡುವವನಿಗೆ ಅದು ಹಲವು ದಿನಗಳ ಅಂತರವಾದೀತು. ತೇವಾಂಶ ನೋಡುವ ಡಬ್ಬಿ ಯಾರ ಅಂಕಣದಲ್ಲಿದೆ, ಮೀಟರಿನ ಅಂಕಿ ರೈತನ ಮನೆಗೆ ಸುದ್ದಿಯ ಬಾಣವಾಗಿ ಹೋಗುತ್ತದೆಯೇ ಎಂಬುದೂ ಅಷ್ಟೇ ಮುಖ್ಯ.

ಮುಗಿಯಿತು ಎನ್ನುವುದು ಯಾರ ಲೆಕ್ಕದಲ್ಲಿ?

ಪ್ರತಿ ಮನೆಗೂ ತನ್ನದೇ ದಪ್ಪ ವೃತ್ತ ಇರುತ್ತದೆ. ಖಾಲಿ ಗಾಡಿ ಗೇಟು ದಾಟಿದರೆ ಯಾರ್ಡಿನ ಕೆಲಸ ಮುಗಿಯಿತು. ಬೇಲ್ ಗೋದಾಮಿಗೆ ಸೇರಿದರೆ ಮಿಲ್ಲಿನ ಕೆಲಸ ಮುಗಿಯಿತು. ರೈತನಿಗೆ ಮುಗಿಯುವುದು ಹಣ ಕೈಗೆ ಬಂದಾಗಲೇ. ಎಲ್ಲರ ವೃತ್ತವೂ ಒಂದೇ ದಿನ ಬೀಳುವುದಿಲ್ಲ. ನಕ್ಷೆಯಲ್ಲಿ ರೈತನ ಮನೆಯನ್ನು ಬರೆಯದೆ ಬಿಟ್ಟರೆ ಎಲ್ಲವೂ ಸರಿಯಾಗಿ ಮುಗಿದಂತೆಯೇ ಕಾಣುತ್ತದೆ!

ಸಿಸಿಐ ಹಣ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂಬುದು ಎಷ್ಟೋ ಮನೆಗಳಲ್ಲಿ ಹಣ ಬಾರದಿದ್ದಾಗ ಮಾತ್ರ ನೆನಪಾಗುವ ಸಂಗತಿ. ಇದಕ್ಕೂ ಈ ಭಾಷೆಯಲ್ಲಿ ಚಿಹ್ನೆ ಇದೆ. ರೈತನ ಮನೆಯಲ್ಲಿ ಒಂದು ಕವಲು ಹಾಕಿ ಎರಡು ಜೋಡಿಗೆರೆಯ ವೃತ್ತ ಬರೆಯಬೇಕು. ಒಂದರಲ್ಲಿ ಲಕೋಟೆ: ‘ಹಣ ಬಿದ್ದ ಸುದ್ದಿ ಬಂತು’. ಇನ್ನೊಂದರಲ್ಲಿ ಗಡಿಯಾರ: ‘ಇಂತಿಷ್ಟು ದಿನ ಕಳೆಯಿತು’. ಯಾವುದು ಮೊದಲು ಆಗುತ್ತದೋ ಆ ದಾರಿ. ಲಕೋಟೆ ಬಂದರೆ ಮುಕ್ತಾಯ. ಗಡಿಯಾರ ಬಡಿದರೆ ‘ಇಂಥವರನ್ನು ಕೇಳು’ ಎಂಬ ಡಬ್ಬಿ. ಆ ಗಡಿಯಾರದ ಪಕ್ಕದ ದಿನಗಳ ಲೆಕ್ಕ ಮತ್ತು ‘ಇಂಥವರು’ ಯಾರೆಂಬ ಹೆಸರು, ಇಡೀ ಹಾಳೆಯಲ್ಲಿ ರೈತನಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಎರಡು ಸಂಗತಿಗಳು.

ಬರೆಯುವವರಿಗೆ ನಾಲ್ಕು ಕಿವಿಮಾತು

ಒಂದು, ಮೊದಲು ಇದ್ದದ್ದನ್ನು ಇದ್ದಂತೆ ಬರೆಯಿರಿ. ಆಗಬೇಕಾದದ್ದನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ.

ಎರಡು, ಕಚೇರಿಯಲ್ಲಿ ಕೂತು ಬರೆಯಬೇಡಿ. ಸುತ್ತೋಲೆಯಲ್ಲಿ ಇರುವುದು ಬೇರೆ, ಕಾಟಾದ ಹತ್ತಿರ ನಡೆಯುವುದು ಬೇರೆ. ಹಮಾಲರನ್ನು, ಗುಮಾಸ್ತರನ್ನು, ಗಾಡಿ ಡ್ರೈವರನ್ನು ಕೇಳಿ. ನಕ್ಷೆಯನ್ನು ಅವರಿಗೇ ತೋರಿಸಿ, ‘ಹೀಗೇನಾ?’ ಎನ್ನಿ. ತಪ್ಪನ್ನು ಅವರು ಬೆರಳಿಟ್ಟು ತೋರಿಸುತ್ತಾರೆ.

ಮೂರು, ಒಂದು ಹಾಳೆಯಲ್ಲಿ ಹಿಡಿಯುವಷ್ಟೇ ಬರೆಯಿರಿ. ಎಡದಿಂದ ಬಲಕ್ಕೆ ಓದಿಕೊಂಡು ಹೋಗುವಂತಿರಲಿ. ಹೆಚ್ಚಾದದ್ದನ್ನು ಕೂಡಿಸುವ ಗುರುತಿನ ಡಬ್ಬಿಯೊಳಗೆ ಮುಚ್ಚಿಡಿ. ಕಂಪ್ಯೂಟರ್ ಇದ್ದರೆ ಬಿಪಿಎಂಎನ್ ಡಾಟ್ ಐಓ ಎಂಬ ತಾಣದಲ್ಲಿ ಪುಕ್ಕಟೆಯಾಗಿ ಬರೆಯಬಹುದು. ಇಲ್ಲದಿದ್ದರೆ ಸೀಸದ ಕಡ್ಡಿ, ರಬ್ಬರು ಸಾಕು. ರಬ್ಬರಂತೂ ಬೇಕೇ ಬೇಕು.

ನಾಲ್ಕು, ಡಬ್ಬಿಯೊಳಗಿನ ಮಾತು ಓದುವವರ ಮಾತಿನಲ್ಲಿರಲಿ. ವೃತ್ತಕ್ಕೆ, ಬಾಣಕ್ಕೆ ಭಾಷೆಯಿಲ್ಲ. ತೆಲುಗು, ಕನ್ನಡ, ಉರ್ದು ಮೂರನ್ನೂ ಆಡುವ ಆದೋನಿಯಲ್ಲಿ ಅದೊಂದು ದೊಡ್ಡ ಅನುಕೂಲ. ಆದರೆ ಡಬ್ಬಿಯೊಳಗಿನ ಅಕ್ಷರಕ್ಕೆ ಭಾಷೆಯಿದೆ. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿದವು. ಇಂದಿಗೂ ಇಲ್ಲಿ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡ. ಒಂದೇ ನಕ್ಷೆಯ ಪ್ರತಿ ತೆಗೆದು ಡಬ್ಬಿಗಳಲ್ಲಿ ಕನ್ನಡವನ್ನೂ ತುಂಬಿದರೆ ಆಗುವ ಖರ್ಚು ಒಂದು ಹಾಳೆಯದು.

ನಕ್ಷೆ ಬರೆದ ಮಾತ್ರಕ್ಕೆ ರೇಟು ಏರುವುದಿಲ್ಲ, ಹತ್ತಿಯೂ ಒಣಗುವುದಿಲ್ಲ. ಆದರೆ ಯಾವ ಕೆಲಸ ಯಾರ ಅಂಕಣದಲ್ಲಿ ಸಿಕ್ಕಿಕೊಂಡಿದೆ ಎಂದು ಕೇಳುವವರಿಗೂ ಹೇಳುವವರಿಗೂ ಒಂದೇ ಹಾಳೆ ಕೈಯಲ್ಲಿರುತ್ತದೆ. ಯಾವ ಕಚೇರಿಯ ಗೋಡೆಯ ಮೇಲಾದರೂ ಇಂಥ ನಕ್ಷೆ ಕಂಡರೆ ‘ಹೌದು’ ಎಂಬ ದಾರಿಯನ್ನು ಬಿಟ್ಟು, ಪ್ರತಿ ಶಂಕರಪಾಳಿಯ ‘ಇಲ್ಲ’ ಎಂಬ ಗೆರೆಯ ಮೇಲೆ ಬೆರಳಿಟ್ಟು ಕೊನೆಯತನಕ ಹೋಗಿ ನೋಡಿ. ನಿಮ್ಮ ಕೆಲಸ ನಿಂತಿರುವ ಜಾಗ ಅಲ್ಲೇ ಎಲ್ಲೋ ಇರುತ್ತದೆ.